ಎಡಗಡೆ ಕೂತವಳು

ಆ ಭಾನುವಾರ ಬೆಳಿಗ್ಗೆ ಮೇಲಿನ ಮಹಡಿಯಿಂದ ಕೇಳಿಬರುತ್ತಿದ್ದುದರಲ್ಲಿ ರಾಗವೇ ಇರಲಿಲ್ಲ. ತಗ್ಗಿನ ಸ್ವರ ಒಂದು, ಅದರ ಬೆನ್ನಿಗೆ ಮೆಲ್ಲನೆ ಎರಡು ಬಡಿತ. ಮತ್ತೆ ತಗ್ಗಿನ ಸ್ವರ, ಮತ್ತೆ ಎರಡು. ಬೆಂಗಳೂರಿನ ಆ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಕೀಬೋರ್ಡ್ ಅಭ್ಯಾಸ ಮಾಡುವುದು ಹೊಸದೇನಲ್ಲ. ಹುರುಳಿಕಾಯಿಯ ನಾರು ಬಿಡಿಸುತ್ತ ಕೂತಿದ್ದ ಆಕೆ ಮೊದಲು ಅದನ್ನು ಗಮನಿಸಲೂ ಇಲ್ಲ. ಅದೇ ಸಾಲು ನಾಲ್ಕನೆಯ ಸಲವೋ ಐದನೆಯ ಸಲವೋ ಇಳಿದು ಬಂದಾಗ ಕೈ ತಾನಾಗಿ ನಿಂತಿತು. ಮೇಲೆ ಯಾರೂ ನುಡಿಸದೆ ಬಿಟ್ಟಿದ್ದ ರಾಗ ಆಕೆಯ ತಲೆಯೊಳಗೆ ಆಗಲೇ ಶುರುವಾಗಿತ್ತು.

ಅಂತೊನಿನ್ ದ್ವೋರ್ಝಾಕ್‌ನ ಸ್ಲಾವೊನಿಕ್ ನೃತ್ಯಗಳು. ಓಪಸ್ 72, ಎರಡನೆಯದು, ಇ ಮೈನರ್.

ಐವತ್ತು ವರ್ಷಗಳಲ್ಲಿ ಆಕೆ ಈ ಐದಾರು ನಿಮಿಷದ ಸಂಗೀತವನ್ನು ಎಷ್ಟು ಬಗೆಯಲ್ಲಿ ಕೇಳಿರಬಹುದು! ಪಿಟೀಲಿನಲ್ಲಿ, ಚೆಲ್ಲೊದಲ್ಲಿ, ಎಂಬತ್ತು ಜನರ ವಾದ್ಯವೃಂದದಲ್ಲಿ, ಗೀರು ಬಿದ್ದ ರೆಕಾರ್ಡಿನಲ್ಲಿ, ಎಳೆದು ಹೋದ ಕ್ಯಾಸೆಟ್ಟಿನಲ್ಲಿ, ಫೋನಿನಲ್ಲಿ. ಆದರೆ ರಾಗವನ್ನು ತೆಗೆದುಹಾಕಿ ಬರೀ ಅಡಿಯ ಭಾಗವನ್ನಷ್ಟೇ ಕೇಳಿದ್ದು ಒಂದೇ ಕಡೆ, ಒಬ್ಬಳೇ ಹುಡುಗಿಯಿಂದ. ಆ ಹುಡುಗಿ ಮೈಸೂರಿನ ಹಳೇ ಬಂಗಲೆಯೊಂದರ ಹಾಲಿನಲ್ಲಿ, ಪಿಯಾನೊದ ಮುಂದೆ, ಈಕೆಯ ಎಡಗಡೆಗೆ ಕೂತು ನುಡಿಸುತ್ತಿದ್ದಳು.

ಮೈಸೂರಿಗೂ ಈ ಸಂಗೀತಕ್ಕೂ ಎತ್ತಣಿಂದೆತ್ತ ಅನ್ನಿಸಬಹುದು. 1970ರ ದಶಕದ ಮೈಸೂರಿನಲ್ಲಿ ಹಾಗನ್ನಿಸುತ್ತಿರಲಿಲ್ಲ. ಮಹಾರಾಜ ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತವನ್ನು ಕೇಳಿ ಮೆಚ್ಚಿಕೊಂಡು ಸುಮ್ಮನಿದ್ದವರಲ್ಲ. ಲಂಡನ್ನಿನಲ್ಲಿ ಮುಪ್ಪಿನ ಕಷ್ಟದಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಡ್ನರ್‌ನ ಕೃತಿಗಳನ್ನು ಆತನ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಅವರು. ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್ ಜೊತೆಗೆ ಇಂಗ್ಲಿಷ್ ಬ್ಯಾಂಡೂ ಇತ್ತು. ಆ ವಾದ್ಯಗಾರರು, ಅವರ ಮಕ್ಕಳು, ಅವರಿಂದ ಕಲಿತವರು ಊರಿನ ಹಲವು ಓಣಿಗಳಲ್ಲಿ ಹರಡಿಕೊಂಡಿದ್ದರು. ಆಕೆಗೆ ಪಿಯಾನೊ ಕಲಿಸಿದ ಟೀಚರಮ್ಮನ ತಂದೆ ಅಂಥವರಲ್ಲೊಬ್ಬರು, ಕ್ಲಾರಿನೆಟ್ ನುಡಿಸುತ್ತಿದ್ದವರು.

ಇನ್ನೊಂದು ನಂಟು ಅಪ್ಪನ ಕಾರ್ಖಾನೆಯ ಕಡೆಯಿಂದ ಬಂದದ್ದು. 1961ರಿಂದ ಮೈಸೂರಿನಲ್ಲಿ ಜಾವಾ ಮೋಟರ್ ಸೈಕಲ್ ತಯಾರಾಗುತ್ತಿತ್ತು, ಚೆಕೊಸ್ಲೊವಾಕಿಯಾದಿಂದ ತಂದ ವಿನ್ಯಾಸದಲ್ಲಿ. ಯಾನೆಚೆಕ್ ಎಂಬ ಚೆಕ್ ಉದ್ಯಮಿಯ ಹೆಸರಿನ ಮೊದಲೆರಡು ಅಕ್ಷರಕ್ಕೆ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲೆರಡು ಅಕ್ಷರ ಸೇರಿ ಆದ ಹೆಸರು ಅದು. ಆಕೆಯ ಅಪ್ಪ ಅಲ್ಲಿ ಟೂಲ್ ರೂಮಿನಲ್ಲಿದ್ದರು. ಕಿಕ್ ಹೊಡೆಯುವ ಸರಳನ್ನೇ ಮುಂದಕ್ಕೆ ಮಡಚಿದರೆ ಗೇರ್ ಆಗುವ ಆ ಗಾಡಿಯ ಚಮತ್ಕಾರವನ್ನು ಅವರು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಟೀಚರಮ್ಮ ಹೊಸ ಪುಸ್ತಕ ತೆರೆದ ದಿನ ಹೇಳಿದ್ದರು: "ನಿಮ್ಮಪ್ಪನ ಗಾಡಿಯ ಊರಿನವನೇ ಕಣಮ್ಮ ಇದನ್ನ ಬರೆದವನು." ಆ ಮಾತು ಕೇಳಿದ ಅಪ್ಪನಿಗೆ ಪಿಯಾನೊ ಫೀಸು ಕೊಡುವುದರಲ್ಲಿ ಆಮೇಲೆ ಯಾವ ಬೇಸರವೂ ಉಳಿಯಲಿಲ್ಲ.

ಮನೆಯಲ್ಲಿ ಪಿಯಾನೊ ಇರಲಿಲ್ಲ, ತಾತನ ಹಾರ್ಮೋನಿಯಂ ಇತ್ತು. ಎಡಗಡೆ ಕೂರುತ್ತಿದ್ದ ಹುಡುಗಿಯ ಮನೆಯಲ್ಲಿ ಅದೂ ಇರಲಿಲ್ಲ. ಅವಳ ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಅವಳು ಕ್ಯಾಲೆಂಡರಿನ ಹಿಂದಿನ ರಟ್ಟಿನ ಮೇಲೆ ಬಿಳಿಮನೆ ಕರಿಮನೆಗಳನ್ನು ಅಳತೆ ತಪ್ಪದ ಹಾಗೆ ಬರೆದುಕೊಂಡು, ಅದನ್ನು ನೆಲದ ಮೇಲಿಟ್ಟು ಅಭ್ಯಾಸ ಮಾಡುತ್ತಿದ್ದಳು. ಶಬ್ದವಿಲ್ಲದ ಪಿಯಾನೊ. ವಾರಕ್ಕೆ ಎರಡು ದಿನ ಬಂಗಲೆಗೆ ಬಂದಾಗ ಮಾತ್ರ ತಾನು ಕಲಿತದ್ದು ಅವಳ ಕಿವಿಗೆ ಬೀಳುತ್ತಿತ್ತು. ಒಂದು ವರ್ಷ ಚಿಕ್ಕವಳು, ಬೆರಳು ಗಟ್ಟಿ, ಲೆಕ್ಕ ಎಂದೂ ತಪ್ಪುತ್ತಿರಲಿಲ್ಲ.

ಈ ನೃತ್ಯಗಳು ಹುಟ್ಟಿದ್ದೇ ಇಂಥ ಜೋಡಿ ನುಡಿಕೆಗೆ. ಒಂದು ಪಿಯಾನೊ, ಒಂದು ಬೆಂಚು, ನಾಲ್ಕು ಕೈ. ಗ್ರಾಮಫೋನ್ ಇಲ್ಲದ ಕಾಲದಲ್ಲಿ ಯುರೋಪಿನ ಮಧ್ಯಮ ವರ್ಗದ ಮನೆಗಳು ಸಂಗೀತ ಕೇಳುತ್ತಿದ್ದುದು ಹೀಗೆ ತಾವೇ ನುಡಿಸಿಕೊಂಡು. ಪ್ರಾಗ್‌ನಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದೆ ಬದುಕುತ್ತಿದ್ದ ದ್ವೋರ್ಝಾಕ್ ಆಸ್ಟ್ರಿಯಾ ಸರ್ಕಾರದ ಸಹಾಯಧನಕ್ಕೆ ಅರ್ಜಿ ಹಾಕಿದ. ತೀರ್ಪುಗಾರರಲ್ಲಿದ್ದ ಬ್ರಾಮ್ಸ್ ಇವನ ಬರವಣಿಗೆ ನೋಡಿ ಮೆಚ್ಚಿ, ತನ್ನ ಬರ್ಲಿನ್ನಿನ ಪ್ರಕಾಶಕ ಸಿಮ್ರೊಕ್‌ಗೆ ಶಿಫಾರಸು ಮಾಡಿದ. ಬ್ರಾಮ್ಸ್‌ನ ಹಂಗೇರಿಯನ್ ನೃತ್ಯಗಳಿಂದ ಚೆನ್ನಾಗಿ ಸಂಪಾದಿಸಿದ್ದ ಸಿಮ್ರೊಕ್ ಅದೇ ಮಾದರಿಯಲ್ಲಿ ಸ್ಲಾವ್ ನೃತ್ಯಗಳನ್ನು ಬರೆದುಕೊಡಲು ಕೇಳಿದ. 1878ರಲ್ಲಿ ಎಂಟು ನೃತ್ಯ ಸಿದ್ಧವಾದವು, 300 ಮಾರ್ಕ್‌ಗೆ. ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಲೂಯಿಸ್ ಎಹ್ಲರ್ಟ್ ಎಂಬ ವಿಮರ್ಶಕ ಹೊಗಳಿ ಬರೆದದ್ದೇ ತಡ, ಜನ ಅಂಗಡಿಗಳಿಗೆ ಮುಗಿಬಿದ್ದರು. ಎಂಟು ವರ್ಷದ ಮೇಲೆ, 1886ರ ಬೇಸಿಗೆಯಲ್ಲಿ, ಎರಡನೆಯ ಕಂತಿನ ಎಂಟು ನೃತ್ಯ ಬರೆಯುವಾಗ ದ್ವೋರ್ಝಾಕ್ ಕೇಳಿ ಪಡೆದದ್ದು 3000 ಮಾರ್ಕ್.

ಬ್ರಾಮ್ಸ್ ಹೆಚ್ಚಾಗಿ ಚಾಲ್ತಿಯಲ್ಲಿದ್ದ ಮಟ್ಟುಗಳನ್ನೇ ಹಿಡಿದು ಹೊಂದಿಸಿದ್ದ. ದ್ವೋರ್ಝಾಕ್ ಜನಪದದಿಂದ ತೆಗೆದುಕೊಂಡದ್ದು ನಡೆಯನ್ನು, ಕುಣಿತದ ತೂಕವನ್ನು. ಮಟ್ಟು ಅವನದೇ. ಮೊದಲ ಕಂತು ಬಹುಪಾಲು ಬೊಹೀಮಿಯಾದ ನೃತ್ಯಗಳು. ಎರಡನೆಯ ಕಂತಿಗೆ ಬರುವ ಹೊತ್ತಿಗೆ ಸ್ಲೊವಾಕಿಯಾದ ಓದ್ಜೆಮೆಕ್, ಸರ್ಬಿಯಾದ ಕೊಲೊ, ಉಕ್ರೇನಿನ ಮೂಲದ ದುಮ್ಕಾ ಎಲ್ಲ ಸೇರಿಕೊಂಡವು. ಇ ಮೈನರಿನ ಈ ನೃತ್ಯವನ್ನು ದುಮ್ಕಾ ಎಂದು ಕರೆಯುವುದೇ ಹೆಚ್ಚು. ದುಮ್ಕಾ ಅಂದರೆ ಹಳೆಯ ಶೋಕಗೀತೆಗಳ ವಂಶದ್ದು, ದುಃಖದ ನಡುವೆ ಒಮ್ಮೆಲೇ ಕುಣಿತ ನುಗ್ಗುವಂಥದ್ದು.

ಟೀಚರಮ್ಮ ಕುಣಿತದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. "ಅಳೋ ಹಾಗೆ ನುಡಿಸು" ಅನ್ನುತ್ತಿದ್ದರು. ಅವರ ಹತ್ತಿರ ಪಿಟೀಲುಗಾರ ಕ್ರೈಸ್ಲರ್ ಹೊಂದಿಸಿದ ರೂಪದ ಒಂದು ರೆಕಾರ್ಡ್ ಇತ್ತು, ಪಿಟೀಲು ಮತ್ತು ಪಿಯಾನೊ. ಪಾಠ ಚೆನ್ನಾಗಿ ನಡೆದ ಸಂಜೆ ಅದನ್ನು ಹಾಕುತ್ತಿದ್ದರು. ಸ್ವರದಿಂದ ಸ್ವರಕ್ಕೆ ಜಾರುವ ಆ ಪಿಟೀಲು ಎರಡು ಹುಡುಗಿಯರ ಮೈಯಲ್ಲೂ ನವಿರು ಏಳಿಸುತ್ತಿತ್ತು. ಒಮ್ಮೆ ತಾತ ಕರೆದುಕೊಂಡು ಹೋಗಲು ಬಂದಿದ್ದಾಗ ಅದನ್ನು ಕೇಳಿ, "ಕೀರವಾಣಿಯ ನೆರಳಿದೆಯಲ್ಲ" ಅಂದರು. ಟೀಚರಮ್ಮ ನಕ್ಕು ಸುಮ್ಮನಾದರು. ಆ ನಗುವಿನಲ್ಲಿ ತಾತನ ಸಂಗೀತದ ಬಗ್ಗೆ ಇದ್ದ ಅಸಡ್ಡೆ ಆಕೆಗೆ ಅಂದೇ ಕಂಡಿತ್ತು. ಕಂಡೂ ಟೀಚರಮ್ಮನ ಪಕ್ಕವೇ ನಿಂತಿದ್ದಳು. ತಾತನ ಜೊತೆ ಮನೆಗೆ ನಡೆದು ಹೋಗುವಾಗ ಅವರ ಕೈ ಹಿಡಿಯಲಿಲ್ಲ ಎಂಬುದು ಈಗಲೂ ನೆನಪಿದೆ.

ಆದರೂ ಟೀಚರಮ್ಮನನ್ನು ಬರೀ ಅಷ್ಟಕ್ಕೇ ಕಟ್ಟಿಹಾಕಲಾಗದು. ಗಂಡ ತೀರಿಕೊಂಡು, ಬಂಗಲೆಯ ಅರ್ಧಭಾಗ ಬಾಡಿಗೆಗೆ ಕೊಟ್ಟು ಬದುಕುತ್ತಿದ್ದ ಅವರು ರೈಲ್ವೆಯವರ ಮಗಳಿಂದ ಫೀಸು ತೆಗೆದುಕೊಳ್ಳುತ್ತಿರಲಿಲ್ಲ. ಮಳೆಗಾಲದಲ್ಲಿ ಪಿಯಾನೊದ ಮನೆಗಳು ಉಬ್ಬಿ ಅಂಟಿಕೊಂಡಾಗ ಸೀರೆಯ ಸೆರಗು ಸಿಕ್ಕಿಸಿಕೊಂಡು ತಾವೇ ಬಿಚ್ಚಿ ಒಣಗಿಸುತ್ತಿದ್ದರು. ಬೇಕರಿಯಿಂದ ತರಿಸಿದ ಒಂದು ಬನ್ನನ್ನು ಮೂರು ಭಾಗ ಮಾಡುತ್ತಿದ್ದರು, ಚಿಕ್ಕ ಭಾಗ ಸದಾ ಅವರದು.

ನಾಲ್ಕು ಕೈಯ ನುಡಿಕೆಯಲ್ಲಿ ಬಲಗಡೆ ಕೂತವರಿಗೆ ಮೇಲಿನ ಭಾಗ, ಅಂದರೆ ರಾಗ. ಎಡಗಡೆ ಕೂತವರಿಗೆ ಅಡಿಯ ಸ್ವರ, ಲಯ. ನಡುವಿನ ಒಂದಷ್ಟು ಮನೆಗಳು ಇಬ್ಬರಿಗೂ ಸೇರಿದವು. ಒಬ್ಬಳ ಬೆರಳು ಸರಿಯಾದ ಗಳಿಗೆಗೆ ಎದ್ದರೆ ಮಾತ್ರ ಇನ್ನೊಬ್ಬಳ ಬೆರಳಿಗೆ ಜಾಗ. ಮೊಣಕೈಗೆ ಮೊಣಕೈ ತಾಗುತ್ತದೆ. ಪಕ್ಕದವಳು ಉಸಿರು ಎಳೆದುಕೊಂಡದ್ದು ಕೇಳಿಸುತ್ತದೆ, ಆ ಉಸಿರಿನಿಂದಲೇ ಯಾವಾಗ ಶುರು ಮಾಡಬೇಕೆಂದು ತಿಳಿಯುತ್ತದೆ. ಎರಡು ವರ್ಷ ಹಾಗೆ ಪಕ್ಕದಲ್ಲಿ ಕೂತರೂ ಆಕೆ ಕೇಳಿಸಿಕೊಳ್ಳುತ್ತಿದ್ದುದು ತನ್ನ ಬಲಗೈಯನ್ನು ಮಾತ್ರ.

1975ರ ಡಿಸೆಂಬರಿನಲ್ಲಿ ಒಂದು ಶಾಲೆಯ ಸಭಾಂಗಣದಲ್ಲಿ ಇಬ್ಬರೂ ಈ ನೃತ್ಯ ನುಡಿಸಿದರು. ಅದಕ್ಕೆ ಎರಡು ವಾರ ಮುಂಚೆ, ಟೀಚರಮ್ಮ ಒಳಗೆ ಕಾಫಿ ಮಾಡುತ್ತಿದ್ದಾಗ, ಎಡಗಡೆಯವಳು ಮೆಲ್ಲಗೆ ಕೇಳಿದ್ದಳು:

"ಒಂದೇ ಒಂದ್ಸಲ ನಾನು ಆ ಕಡೆ ಕೂತ್ಕೊಳ್ಲಾ? ನನಗೆ ಬರುತ್ತೆ. ರಟ್ಟಿನ ಮೇಲೆ ಕಲ್ತಿದೀನಿ."

"ಬೇಡ ಕಣೆ. ಪ್ರೋಗ್ರಾಮ್ ಹತ್ರ ಬಂತು, ಕೆಟ್ಟೋಗುತ್ತೆ."

ಎರಡನೆಯ ಸಲ ಅವಳು ಕೇಳಲಿಲ್ಲ. ಸಭಾಂಗಣದಲ್ಲಿ ಚಪ್ಪಾಳೆ ಬಿದ್ದಾಗ ಟೀಚರಮ್ಮ ಆಕೆಯ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. ಮುಖ್ಯ ಅತಿಥಿಯಾಗಿ ಬಂದಿದ್ದವರು ನಾದ ಎಷ್ಟು ದುಂಡಗಿದೆ, ಸ್ವರದಿಂದ ಸ್ವರಕ್ಕೆ ಹೇಗೆ ಕಡಿಯದೆ ಹರಿಯುತ್ತದೆ ಎಂದು ಆಕೆಯನ್ನು ಹೊಗಳಿದರು. ಮರುವರ್ಷ ರೈಲ್ವೆಯವರಿಗೆ ವರ್ಗವಾಗಿ ಆ ಕುಟುಂಬ ಹುಬ್ಬಳ್ಳಿಗೆ ಹೋಯಿತು. ಒಂದು ಕಾಗದ ಬಂತು. ಅದಕ್ಕೆ ಆಕೆ ಉತ್ತರ ಬರೆಯಲಿಲ್ಲ. ಕಾರಣ ಹುಡುಕಿದರೆ ಸಿಗುತ್ತದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಇತ್ತು. ಪರೀಕ್ಷೆ ಮುಗಿದ ಮೇಲೂ ಬರೆಯಲಿಲ್ಲ.

ಆಮೇಲೆ ಬಿ.ಎಸ್ಸಿ., ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸ. ಪಿಯಾನೊ ಬಿಟ್ಟುಹೋಯಿತು, ಕೇಳುವುದು ಬಿಡಲಿಲ್ಲ. 1980ರ ದಶಕದ ಬೆಂಗಳೂರಿನಲ್ಲಿ ಇಂಥ ಸಂಗೀತ ಬೇಕೆಂದರೆ ಹುಡುಕಬೇಕಿತ್ತು. ಮ್ಯಾಕ್ಸ್ ಮುಲ್ಲರ್ ಭವನದ ಪುಸ್ತಕಾಲಯದಲ್ಲಿ ಆಕೆಗೆ ಈ ನೃತ್ಯಗಳ ವಾದ್ಯವೃಂದದ ರೂಪದ ಕ್ಯಾಸೆಟ್ ಸಿಕ್ಕಿತು. ರಫಾಯೆಲ್ ಕುಬೆಲಿಕ್ ನಿರ್ದೇಶನ, ಬವೇರಿಯನ್ ರೇಡಿಯೊದ ವೃಂದ. 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಾಗ ದೇಶ ಬಿಟ್ಟ ಚೆಕ್ ನಿರ್ದೇಶಕ ಅವನು. ಮತ್ತೆ ಪ್ರಾಗ್‌ನ ವೇದಿಕೆ ಹತ್ತಿದ್ದು 1990ರಲ್ಲಿ. ಈ ಧ್ವನಿಮುದ್ರಣ ಆ ನಡುವಿನ ವರ್ಷಗಳದ್ದು, ಮ್ಯೂನಿಕ್‌ನಲ್ಲಿ ಮಾಡಿದ್ದು.

ಮೊದಲ ಸಲ ಕೇಳಿದಾಗ ಆಕೆಗೆ ನಿರಾಸೆಯಾಯಿತು. ಇದು ಅಳುತ್ತಿರಲಿಲ್ಲ! ಪಿಟೀಲುಗಳು ಅದೇ ರಾಗವನ್ನು ಎತ್ತಿಕೊಂಡರೂ ಕೆಳಗಿನ ತಂತಿವಾದ್ಯಗಳು ಅದನ್ನು ಕೂರಲು ಬಿಡದೆ ನಡೆಸಿಕೊಂಡು ಹೋಗುತ್ತಿದ್ದವು. ನಡುವಿನಲ್ಲಿ ಸಂಗೀತ ಮೇಜರ್ ಕಡೆಗೆ ಹೊರಳಿದಾಗ ಮೋಡ ಸರಿದ ಹಾಗೆ ಬೆಳಕು. ಹೌದಲ್ಲ, ಇದರ ಹೆಸರೇ ನೃತ್ಯ ಎಂದು ಆಕೆಗೆ ಹೊಳೆದದ್ದು ಇಪ್ಪತ್ಮೂರನೆಯ ವಯಸ್ಸಿನಲ್ಲಿ, ಹೆಡ್‌ಫೋನ್ ಹಾಕಿಕೊಂಡು ಒಂದು ಮರದ ಕುರ್ಚಿಯಲ್ಲಿ ಕೂತು.

ಅದೇ ಕ್ಯಾಸೆಟ್ಟಿನ ಮೊದಲ ನೃತ್ಯ ಫುರಿಯಾಂಟ್. ಮೂರು ಎಣಿಕೆಯ ತಾಳ ಎಂದು ಕಾಗದದಲ್ಲಿ ಬರೆದಿದ್ದರೂ ಕಿವಿಗೆ ಬೀಳುವುದು ಎರಡು, ಎರಡು, ಎರಡು, ಆಮೇಲೆ ಮೂರು, ಮೂರು. ಒಟ್ಟು ಹನ್ನೆರಡು. ತಾತ ಬದುಕಿದ್ದರೆ ಒಂದೇ ಸಲಕ್ಕೆ ತೊಡೆಯ ಮೇಲೆ ತಾಳ ಹಾಕಿ ತೋರಿಸುತ್ತಿದ್ದರು. ಆಕೆ ತಾನೇ ಹಾಕಿ ನೋಡಿದಳು. ಕೈ ಸಲೀಸಾಗಿ ಬಂತು. ಟೀಚರಮ್ಮನ ಹಾಲಿನಲ್ಲಿ ಈ ಲೆಕ್ಕಕ್ಕೆ ಒದ್ದಾಡಿದ ಮಕ್ಕಳಿಗೆ ತಾತ ಅರ್ಧ ಗಂಟೆಯಲ್ಲಿ ಬಿಡಿಸಿ ಹೇಳಬಹುದಿತ್ತು, ಯಾರಾದರೂ ಕೇಳಿದ್ದರೆ.

ಅಲ್ಲಿಂದ ಒಂದು ಅಭ್ಯಾಸ ಶುರುವಾಯಿತು. ಎಲ್ಲಿ ಸಿಕ್ಕರೂ ಇದೇ ನೃತ್ಯದ ಬೇರೆ ಬೇರೆ ನುಡಿಕೆ ಕೇಳುವುದು. ಹಬ್ಬದ ಹೋಳಿಗೆ ಹತ್ತು ಮನೆಯಲ್ಲಿ ಹತ್ತು ರುಚಿ ಆದ ಹಾಗೆ, ಬರೆದಿಟ್ಟ ಸ್ವರಗಳು ಅವೇ ಆದರೂ ಬೇಯಿಸುವ ಕೈ ಬೇರೆ.

ಜಾರ್ಜ್ ಸೆಲ್ ಎಂಬ ನಿರ್ದೇಶಕ ಅಮೆರಿಕದ ಕ್ಲೀವ್‌ಲ್ಯಾಂಡ್ ವಾದ್ಯವೃಂದವನ್ನು ಗಡಿಯಾರದಂತೆ ನಡೆಸುತ್ತಿದ್ದವನು. ಬುಡಾಪೆಸ್ಟಿನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧಕ್ಕೆ ಮುನ್ನ ಪ್ರಾಗ್‌ನ ಜರ್ಮನ್ ಒಪೆರಾದಲ್ಲಿ ವರ್ಷಗಟ್ಟಲೆ ಇದ್ದವನಿಗೆ ಆ ಊರಿನ ನಡೆ ಗೊತ್ತಿತ್ತು. 1960ರ ದಶಕದಲ್ಲಿ ಹದಿನಾರೂ ನೃತ್ಯಗಳನ್ನು ಅವನು ರೆಕಾರ್ಡ್ ಮಾಡಿದ. ಅದು ಚೊಕ್ಕ, ಹರಿತ. ಆದರೆ ಆಕೆಗೆ ಹೆಚ್ಚು ಇಷ್ಟವಾದದ್ದು 1970ರ ಏಪ್ರಿಲ್‌ನಲ್ಲಿ ಅವನು ಮತ್ತೆ ಮಾಡಿದ್ದು. ದ್ವೋರ್ಝಾಕ್‌ನ ಎಂಟನೆಯ ಸಿಂಫನಿಯ ಜೊತೆಗೆ ಎರಡೇ ನೃತ್ಯ, ಅದರಲ್ಲಿ ಒಂದು ಈ ಇ ಮೈನರಿನದು. ಅದೇ ವರ್ಷ ಜುಲೈ 30ರಂದು ಸೆಲ್ ತೀರಿಕೊಂಡ. ಬಿಗಿ ಹಿಡಿದ ಆ ಕೈ ಇಲ್ಲಿ ಸ್ವಲ್ಪ ಸಡಿಲಿದೆ. ಮೊದಲ ರಾಗ ಎರಡನೆಯ ಸಲ ಬರುವ ಮುನ್ನ ಒಂದು ಕ್ಷಣ ಎಲ್ಲರೂ ಕಾಯುತ್ತಾರೆ. ಆ ಕಾಯುವಿಕೆಗಾಗಿಯೇ ಆಕೆ ಇದನ್ನು ಮತ್ತೆ ಮತ್ತೆ ಹಾಕಿಕೊಂಡದ್ದುಂಟು.

ವಾತ್ಸ್‌ಲಾವ್ ತಾಲಿಖ್‌ನದು ಇನ್ನೊಂದೇ ಲೋಕ. 1919ರಿಂದ 1941ರವರೆಗೆ ಚೆಕ್ ಫಿಲ್‌ಹಾರ್ಮೊನಿಕ್ ಅನ್ನು ಕಟ್ಟಿ ಬೆಳೆಸಿದವನನ್ನು ಯುದ್ಧ ಮುಗಿದ ಮೇಲೆ ಆಪಾದನೆಗಳು ಸುತ್ತಿಕೊಂಡವು, ಪ್ರಾಗ್‌ನ ವೇದಿಕೆಯಿಂದ ದೂರವಿಟ್ಟರು. ಹಾಗಿದ್ದೂ 1950ರಲ್ಲಿ ತನ್ನ ಹಳೆಯ ವೃಂದದೊಂದಿಗೆ ಹದಿನಾರೂ ನೃತ್ಯಗಳನ್ನು ಅವನು ರೆಕಾರ್ಡ್ ಮಾಡಿದ. ಧ್ವನಿ ಹಳತು, ಸ್ವಲ್ಪ ಮಂಕು. ಆ ಮಂಕಿನ ಒಳಗಿಂದ ಮಧ್ಯದ ವಾದ್ಯಗಳು, ವಿಯೋಲ, ಕ್ಲಾರಿನೆಟ್, ಬಸೂನ್, ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು ಕೇಳಿಸುತ್ತದೆ. ರಾಗ ಒಂದರ ಕೈಕೆಳಗೆ ಉಳಿದವರೆಲ್ಲ ಸೇವೆಗೆ ನಿಂತ ಹಾಗಿಲ್ಲ. ಅಕ್ಕಪಕ್ಕದ ಮನೆಯವರು ಜಗಲಿಗೆ ಬಂದು ಕೂತ ಹಾಗಿದೆ.

ದ್ವೋರ್ಝಾಕ್ ಸ್ವತಃ ವಿಯೋಲ ನುಡಿಸುತ್ತಿದ್ದವನು ಎಂಬುದನ್ನು ಆಕೆ ಓದಿದ್ದು ಆ ಸುಮಾರಿಗೆ. ಇಪ್ಪತ್ತು ಚಿಲ್ಲರೆ ವಯಸ್ಸಿನಿಂದ ಒಂಬತ್ತು ವರ್ಷ, 1862ರಿಂದ 1871ರವರೆಗೆ, ಪ್ರಾಗ್‌ನ ಪ್ರೊವಿಷನಲ್ ಥಿಯೇಟರಿನ ವಾದ್ಯವೃಂದದಲ್ಲಿ ಅವನದು ಅದೇ ಕೆಲಸ. 1866ರಿಂದ ಅಲ್ಲಿ ನಿರ್ದೇಶಕನಾಗಿದ್ದವನು ಚೆಕ್ ಸಂಗೀತಗಾರ ಸ್ಮೆತಾನ. ವಿಯೋಲಕ್ಕೆ ರಾಗ ಸಿಗುವುದು ಅಪರೂಪ. ಸಂಜೆಯೆಲ್ಲ ನಡುವಿನ ಸ್ವರ ತುಂಬುತ್ತ, ಮೇಲೆ ಪಿಟೀಲು ಏನು ಹಾಡುತ್ತಿದೆ, ಕೆಳಗೆ ಬಾಸ್ ಎಲ್ಲಿ ಹೆಜ್ಜೆ ಇಡುತ್ತಿದೆ ಎಂದು ಎರಡೂ ಕಡೆ ಕಿವಿಗೊಟ್ಟು ಕೂತಿರಬೇಕು. ಆ ಜಾಗದಲ್ಲಿ ಅಷ್ಟು ವರ್ಷ ಕೂತವನು ಬರೆದ ಸಂಗೀತದಲ್ಲಿ ಅಡಿಯ ಭಾಗ ಬರೀ ಅಡಿಯ ಭಾಗವಾಗಿರಲು ಸಾಧ್ಯವೇ? ಆಕೆಗೆ ಎಡಗಡೆ ಕೂರುತ್ತಿದ್ದ ಹುಡುಗಿಯ ಮುಖ ಬಹಳ ವರ್ಷದ ಮೇಲೆ ಕಣ್ಣೆದುರು ಬಂದದ್ದು ಆಗ.

1993ರ ಡಿಸೆಂಬರ್ 16ರಂದು ಪ್ರಾಗ್‌ನ ಸ್ಮೆತಾನ ಸಭಾಂಗಣದಲ್ಲಿ ಒಂದು ಕಛೇರಿ ನಡೆಯಿತು. ನ್ಯೂಯಾರ್ಕಿನಲ್ಲಿ ದ್ವೋರ್ಝಾಕ್‌ನ 'ನ್ಯೂ ವರ್ಲ್ಡ್' ಸಿಂಫನಿ ಮೊದಲು ನುಡಿದು ಅಂದಿಗೆ ಸರಿಯಾಗಿ ನೂರು ವರ್ಷ. ಸೆಯ್‌ಜಿ ಒಜಾವ ನಿರ್ದೇಶನದಲ್ಲಿ ಬಾಸ್ಟನ್ ಸಿಂಫನಿ, ಪಿಟೀಲಿನಲ್ಲಿ ಇಟ್ಜಾಕ್ ಪರ್ಲ್‌ಮನ್, ಚೆಲ್ಲೊದಲ್ಲಿ ಯೊಯೊ ಮಾ. ಅಂದು ಈ ನೃತ್ಯವನ್ನು ಪಿಟೀಲು, ಚೆಲ್ಲೊ, ವಾದ್ಯವೃಂದಕ್ಕೆ ಹೊಂದಿಸಿದ ರೂಪದಲ್ಲಿ ನುಡಿಸಿದರು. ಹೊಂದಿಸಿದವನು ಬೊಹೀಮಿಯಾದಲ್ಲಿ ಹುಟ್ಟಿ ಯುದ್ಧದ ಕಾಲದಲ್ಲಿ ಕೆನಡಾ ಸೇರಿದ ಆಸ್ಕರ್ ಮೊರಾವೆಟ್ಸ್. ಆಕೆ ಅದರ ವಿಡಿಯೊ ನೋಡಿದ್ದು ಹತ್ತು ಹನ್ನೆರಡು ವರ್ಷದ ಮೇಲೆ, ಆಫೀಸಿನಿಂದ ಬಂದ ಒಂದು ರಾತ್ರಿ, ಮಗನ ಕಂಪ್ಯೂಟರಿನಲ್ಲಿ.

ಇಲ್ಲಿ ಚೆಲ್ಲೊ ಪಿಟೀಲಿನ ಸರಿಸಮ. ತಗ್ಗಿನ ದನಿಯೂ ಹಾಡುತ್ತದೆ. ಪರ್ಲ್‌ಮನ್ ಒಂದು ಸ್ವರವನ್ನು ಕೈಬಿಡುವ ಗಳಿಗೆಗೆ ಮಾ ಅದನ್ನು ಹಿಡಿಯುತ್ತಾನೆ. ಇಬ್ಬರ ಕಣ್ಣೂ ಸೇರುತ್ತವೆ, ಮಾ ಮುಖವರಳಿಸಿ ನಗುತ್ತಾನೆ. ನೋಡುತ್ತ ನೋಡುತ್ತ ಆಕೆಗೆ ಗಂಟಲು ಕಟ್ಟಿತು. ಒಬ್ಬ ಕೊಟ್ಟಿದ್ದನ್ನು ಇನ್ನೊಬ್ಬ ತೆಗೆದುಕೊಂಡು ಹಿಂದಿರುಗಿಸುವ ಆಟ ಅದು. ಆ ಆಟವನ್ನೇ ಒಬ್ಬಳು ಹುಡುಗಿ ಕೇಳಿದ್ದಳು, ಒಂದೇ ಒಂದ್ಸಲ.

ಇಂಥ ಜನಪ್ರಿಯ ಹೊಂದಾಣಿಕೆಗಳನ್ನು ಕಂಡರೆ ಮೂಗು ಮುರಿಯುವವರಿದ್ದಾರೆ. ಮೂಲದಲ್ಲಿ ಇಲ್ಲದ ಸಿಹಿ ಬೆರೆಸುತ್ತಾರೆ ಎಂಬುದು ದೂರು. ಕ್ರೈಸ್ಲರ್‌ನ ರೂಪದ ವಿಷಯದಲ್ಲಿ ಆಕೆಗೂ ಈಗ ಸ್ವಲ್ಪ ಹಾಗನ್ನಿಸುತ್ತದೆ. ಅದರಲ್ಲಿ ಪಿಟೀಲೊಂದೇ ಮೆರೆಯುತ್ತದೆ, ಪಿಯಾನೊ ಹಿಂದೆ ಸರಿಯುತ್ತದೆ. ಟೀಚರಮ್ಮನಿಗೆ ಅದು ಅಷ್ಟು ಪ್ರಿಯವಾಗಿದ್ದು ಏಕೆಂಬುದೂ ಅರ್ಥವಾಗುತ್ತದೆ. ಒಬ್ಬಂಟಿ ಮನೆಯಲ್ಲಿ ಒಂಟಿ ಪಿಟೀಲೇ ಬೇಕೆನಿಸಿದ್ದರೆ ಅದರಲ್ಲಿ ತಪ್ಪು ಹುಡುಕುವುದು ಆಕೆಗೆ ಬೇಡ. ಆದರೆ ನೃತ್ಯವನ್ನು ಬರೀ ಅಳುವಾಗಿ ಕಲಿಸಿದ್ದು, ಒಂದು ಮಗುವಿಗೆ ಸದಾ ರಾಗ, ಇನ್ನೊಂದಕ್ಕೆ ಸದಾ ತಾಳ ಎಂದು ಹಂಚಿದ್ದು ಸರಿಯಿರಲಿಲ್ಲ. ಟೀಚರಮ್ಮನ ಮೇಲಿನ ಪ್ರೀತಿ ಇದನ್ನು ಹೇಳಲು ಅಡ್ಡ ಬರುವುದಿಲ್ಲ.

ಕೊನೆಗೆ ಆಕೆ ಮೂಲಕ್ಕೇ ಬಂದಳು, ಒಂದು ಪಿಯಾನೊ, ನಾಲ್ಕು ಕೈಗೆ. ಆಲ್ಫ್ರೆಡ್ ಬ್ರೆಂಡೆಲ್ ಮತ್ತು ವಾಲ್ಟರ್ ಕ್ಲೀನ್ ಇನ್ನೂ ಹರೆಯದವರಿದ್ದಾಗ ಮಾಡಿದ ರೆಕಾರ್ಡಿಂಗ್ ಅದು. ಆ ಹೊತ್ತಿಗೆ ನಿವೃತ್ತಿ ಹತ್ತಿರವಿತ್ತು. ಕೇಳುತ್ತ ಕೇಳುತ್ತ, ಎಡಗಡೆ ಕೂತವರು ಯಾವಾಗ ಪೆಡಲ್ ಒತ್ತುತ್ತಾರೆ, ಯಾವಾಗ ಬಿಡುತ್ತಾರೆ ಎಂದು ಕಿವಿ ಹಿಂಬಾಲಿಸತೊಡಗಿತು. ತಟ್ಟನೆ ಆಕೆ ಪಾಸ್ ಬಟನ್ ಒತ್ತಿದಳು.

ನಾಲ್ಕು ಕೈಯ ನುಡಿಕೆಯಲ್ಲಿ ಪೆಡಲ್ ಇರುವುದು ಎಡಗಡೆಯವರ ಕಾಲಿನ ಹತ್ತಿರ. ವಾಡಿಕೆಯಂತೆ ಅದು ಅವರ ಜವಾಬ್ದಾರಿ. ಮನೆಯಿಂದ ಬೆರಳು ತೆಗೆದ ಮೇಲೂ ಸ್ವರ ನಿಲ್ಲದೆ ತುಂಬಿಕೊಂಡಿರುವುದು, ಒಂದು ಸ್ವರ ಇನ್ನೊಂದಕ್ಕೆ ಕಡಿಯದೆ ಹರಿಯುವುದು, ಎಲ್ಲ ಆ ಪೆಡಲಿನಿಂದ. ಮುಖ್ಯ ಅತಿಥಿ ಅಂದು ಹೊಗಳಿದ ಹರಿವು ಅರ್ಧಕ್ಕರ್ಧ ಆಕೆಯದಾಗಿರಲೇ ಇಲ್ಲ. ಹವಾಯಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತ, ಮನೆಯಲ್ಲಿ ರಟ್ಟಿನ ಮೇಲೆ ಕಲಿತ, ಪೆಡಲೇ ಇಲ್ಲದ ಪಿಯಾನೊದಲ್ಲಿ ಅಭ್ಯಾಸ ಮಾಡಿದ ಒಬ್ಬ ಹುಡುಗಿ ಈಕೆಯ ಉಸಿರು ಕೇಳಿಸಿಕೊಂಡು, ಈಕೆಯ ಒಂದೊಂದು ಸ್ವರಕ್ಕೂ ಕಾಲಿನಿಂದ ಆಸರೆ ಕೊಟ್ಟಿದ್ದಳು. ಹನ್ನೆರಡು ವರ್ಷದ ಮಗುವಿಗೆ ಅಂಥ ಕಿವಿ ಇತ್ತು.

ಅವಳನ್ನು ಹುಡುಕಲು ಆಕೆ ಪ್ರಯತ್ನಪಟ್ಟದ್ದುಂಟು. ಮದುವೆಯಾಗಿ ಹೆಸರು ಬದಲಾಗಿರಬಹುದು, ಊರು ಬದಲಾಗಿರಬಹುದು. ಹುಬ್ಬಳ್ಳಿಯಲ್ಲಿ ಕೇಳಿದವರಿಗೆ ಆ ಕುಟುಂಬದ ನೆನಪಿರಲಿಲ್ಲ. ಮೈಸೂರಿನ ಬಂಗಲೆ ಇದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ, ಕೆಳಗೆ ಮೆಡಿಕಲ್ ಶಾಪ್. ಜಾವಾ ಆಮೇಲೆ ಯೆಜ್ಡಿಯಾಗಿ, ಆ ಕಾರ್ಖಾನೆಯೂ 1996ರಲ್ಲಿ ಮುಚ್ಚಿತು. ಕೆಲವು ವರ್ಷದ ಹಿಂದೆ ಮಗನ ಜೊತೆ ಪ್ರಾಗ್‌ಗೆ ಹೋಗಿದ್ದಾಗ ನೆಲಹೊಜೆವೆಸ್ ಎಂಬ ಹಳ್ಳಿಗೂ ಹೋಗಿಬಂದಳು. ವಲ್ತಾವ ನದಿಯ ದಂಡೆ, ಮೇಲೆ ಕೋಟೆಯಂಥ ಅರಮನೆ, ಕೆಳಗೆ 1841ರಲ್ಲಿ ದ್ವೋರ್ಝಾಕ್ ಹುಟ್ಟಿದ ಮನೆ. ಅವನ ತಂದೆ ಅಲ್ಲಿ ಕಸಾಯಿ ಅಂಗಡಿ, ಹೆಂಡದಂಗಡಿ ಎರಡೂ ನಡೆಸುತ್ತಿದ್ದ. ಹಳ್ಳಿಯ ಅಂಚಿಗೇ ರೈಲು ಹಳಿ. ದ್ವೋರ್ಝಾಕ್‌ಗೆ ರೈಲೆಂದರೆ ಹುಚ್ಚು, ಪ್ರಾಗ್‌ನ ನಿಲ್ದಾಣಕ್ಕೆ ಹೋಗಿ ಎಂಜಿನ್ನುಗಳ ನಂಬರು ತಿಳಿದುಕೊಂಡು ಬರುತ್ತಿದ್ದ. ಆಕೆ ಆ ಮನೆಯ ಮುಂದೆ ನಿಂತಿದ್ದಾಗ ಒಂದು ಗೂಡ್ಸ್ ಗಾಡಿ ಹೋಯಿತು. ಇದನ್ನು ರೈಲ್ವೆಯವರ ಮಗಳಿಗೆ ಹೇಳಬೇಕಿತ್ತು ಅನ್ನಿಸಿತು.

ಹುರುಳಿಕಾಯಿಯನ್ನು ಅಲ್ಲೇ ಬಿಟ್ಟು ಆಕೆ ಮೇಲಿನ ಮನೆಯ ಬೆಲ್ ಒತ್ತಿದಳು. ಬಾಗಿಲು ತೆಗೆದದ್ದು ಹನ್ನೊಂದು ಹನ್ನೆರಡು ವರ್ಷದ ಹುಡುಗಿ.

"ಆಂಟಿ, ಜೋರಾಗಿ ಕೇಳಿಸ್ತಿದೆಯಾ? ವಾಲ್ಯೂಮ್ ಕಮ್ಮಿ ಮಾಡ್ತೀನಿ."

"ಬೇಡ, ಬೇಡ. ಜೊತೆಗೆ ನುಡಿಸೋರು ಯಾರು ಪುಟ್ಟಿ?"

"ನನ್ನ ಫ್ರೆಂಡ್. ಅವಳು ಬರೋದು ನಾಲ್ಕು ಗಂಟೆಗೆ. ಈ ವಾರ ನಾನು ಕೆಳಗಿಂದು, ಮುಂದಿನ ವಾರ ಅವಳು. ಟೀಚರ್ ಎರಡೂ ಕಲಿಬೇಕು ಅಂದಿದಾರೆ."

ಆಕೆ ಒಳಗೆ ಹೋಗಿ ಕೀಬೋರ್ಡಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮೇಲಿನ ಭಾಗ ನುಡಿಸ್ತೀರಾ ಎಂದು ಹುಡುಗಿ ಕೇಳಿದಳು. ಆಕೆ ತಲೆಯಾಡಿಸಿ ಬೇಡವೆಂದಳು, ಇದನ್ನೇ ಮೊದಲಿಂದ ನುಡಿಸು ಎಂದಳು. ಹುಡುಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಪೆಡಲನ್ನು ಬರಿಗಾಲಿನಿಂದ ಹತ್ತಿರ ಎಳೆದುಕೊಂಡಳು. ತಗ್ಗಿನ ಸ್ವರ ಒಂದು, ಹಿಂದೆ ಎರಡು. ಎಂಟನೆಯ ಸಾಲಿನಲ್ಲಿ ಒಂದು ಕಡೆ ಬಲಗೈ ತಡವರಿಸಿತು. ನಿಲ್ಲಿಸಿದಳು, ಬಾಯಲ್ಲೇ ಎಣಿಸಿಕೊಂಡಳು, ಮತ್ತೆ ಅಲ್ಲಿಂದಲೇ ಹಿಡಿದಳು. ಆಕೆ ಆ ಮಗುವಿನ ಕಾಲನ್ನೇ ನೋಡುತ್ತಿದ್ದಳು.